ಶುದ್ಧ ಗಾಳಿ-ನೀರಿನ ಹಕ್ಕು: ಸಂವಿಧಾನದೊಳಗೆ ಅದು ಬಂದ ದಾರಿ



ಕುಮಾರ ಪರ್ವತದ ತಪ್ಪಲಿನಲ್ಲಿರುವ ಸುಬ್ರಹ್ಮಣ್ಯವು ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಆಟಿ ತಿಂಗಳಲ್ಲಿ ಕುಮಾರಧಾರಾ ಹೊಳೆ ಉಕ್ಕುವುದು, ಸ್ನಾನಘಟ್ಟ ಮುಳುಗುವುದು ಇಲ್ಲಿಯವರಿಗೆ ಹೊಸತಲ್ಲ. ಈ ಹೊಳೆ ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಯಲ್ಲಿ 1923 ಮತ್ತು 1974ರ ನೆರೆಯ ಕಥೆಗಳು ಇಂದಿಗೂ ಕೇಳಸಿಗುತ್ತವೆ. ಆದರೆ 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ನಡೆದುದು ಬೇರೆ ಬಗೆಯದು. ಕೆಲವೇ ಗಂಟೆಗಳಲ್ಲಿ ಸುರಿದ ಭಾರೀ ಮಳೆಗೆ ಗುಡ್ಡ ಜರಿದು ಮನೆಯ ಮೇಲೆ ಬಿತ್ತು. ಇಬ್ಬರು ಪುಟ್ಟ ಅಕ್ಕ-ತಂಗಿಯರು ಮಣ್ಣಿನಡಿಯಲ್ಲಿ ಪ್ರಾಣ ಕಳೆದುಕೊಂಡರು.

ಅದಕ್ಕೆ ನಾಲ್ಕು ವರ್ಷ ಹಿಂದೆ, 2018ರ ಆಗಸ್ಟ್‌ನಲ್ಲಿ, ಕೊಡಗಿನ ಗಡಿಯ ಜೋಡುಪಾಲದಲ್ಲಿ ಗುಡ್ಡಗಳು ಕುಸಿದಾಗ ಮನೆ ಕಳೆದುಕೊಂಡವರು ಸಂಪಾಜೆ, ಅರಂತೋಡು ಕಡೆಯ ಪರಿಹಾರ ಶಿಬಿರಗಳಿಗೆ ಇಳಿದು ಬಂದರು. ಅದೇ ಮಳೆಗಾಲದಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ರಸ್ತೆ ನಡುವಿನ ಘಾಟಿಯ ರೈಲು ಹಳಿಯ ಮೇಲೆ ಹಲವೆಡೆ ಮಣ್ಣು ಬಿದ್ದು ಸಂಚಾರ ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಮತ್ತೆ ಹಾಗೆಯೇ ಆಯಿತು.

ಒಂದೊಂದು ಗುಡ್ಡ ಜರಿದುದಕ್ಕೂ ಹವಾಮಾನ ಬದಲಾವಣೆಯೊಂದೇ ಕಾರಣವೆಂದು ಹೇಳಲಾಗದು. ಗುಡ್ಡದ ಬುಡ ಕಡಿದು ಮಾಡಿದ ರಸ್ತೆ, ಮನೆಕಟ್ಟು, ತೋಡಿನ ದಾರಿ ತಪ್ಪಿಸಿದ ಕಾಮಗಾರಿ ಇವೆಲ್ಲವೂ ಪಾಲುದಾರರು. ಆದರೆ ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಅರಬೀ ಸಮುದ್ರ ಬಿಸಿಯಾಗುತ್ತಿರುವುದೂ ದಾಖಲಾದ ಸಂಗತಿ. ವಾರವಿಡೀ ಹಂಚಿ ಬೀಳಬೇಕಾದ ಮಳೆ ಒಂದೇ ದಿನ ಸುರಿದರೆ ಬರೆ ನಿಲ್ಲುವುದಿಲ್ಲ. ಬಿಡುವಿಲ್ಲದೆ ಮಳೆ ಹಿಡಿದರೆ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಹೊತ್ತು ಸಿಗದೆ ಕೊಳೆರೋಗ ತೋಟವನ್ನೇ ಆವರಿಸುತ್ತದೆ.

ಇವೆಲ್ಲವನ್ನೂ ವಿಧಿಯೆಂದು ಒಪ್ಪಿ ಕೈಕಟ್ಟಿ ಕುಳಿತುಕೊಳ್ಳಬೇಕೇ? ವಿಪತ್ತಿನಲ್ಲಿ ಸಬ್ರ್ ಕಲಿಸಿದ ಧರ್ಮವೇ, ಮೊದಲು ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದೂ ಕಲಿಸಿದೆ. ಈ ನಾಡಿನಲ್ಲಿ ಒಂಟೆ ಕಟ್ಟುವ ಹಗ್ಗ ಯಾವುದೆಂದರೆ ಕಾನೂನು. ಸುರಕ್ಷಿತ ಪರಿಸರದಲ್ಲಿ ಬದುಕುವುದು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಇಂದು ನಮ್ಮ ನ್ಯಾಯಾಲಯಗಳು ಒಪ್ಪಿವೆ. ಆ ಹಕ್ಕು ತಾನಾಗಿ ಬಂದುದಲ್ಲ, ಕೇಳಿದವರಿದ್ದುದರಿಂದ ಬಂತು. ಆ ಚರಿತ್ರೆಯನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಸಂವಿಧಾನದಲ್ಲಿ ಇಲ್ಲದ ಪದ

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದಲ್ಲಿ ಪರಿಸರ ರಕ್ಷಣೆಗೆಂದೇ ಒಂದು ವಿಧಿ ಇರಲಿಲ್ಲ. ಹಸಿವು, ಅನಕ್ಷರತೆ, ವಿಭಜನೆಯ ಗಾಯ ಇವು ಅಂದಿನ ದೊಡ್ಡ ಚಿಂತೆಗಳಾಗಿದ್ದವು. 1972ರ ಜೂನ್‌ನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯು ಮಾನವ ಪರಿಸರದ ಕುರಿತು ಸಮ್ಮೇಳನ ನಡೆಸಿತು. ಪ್ರಧಾನಿ ಇಂದಿರಾ ಗಾಂಧಿಯವರು ಅದರಲ್ಲಿ ಭಾಗವಹಿಸಿದರು. ಎರಡು ವರ್ಷಗಳ ಬಳಿಕ, 1974ರಲ್ಲಿ, ಜಲಮಾಲಿನ್ಯ ತಡೆ ಕಾಯಿದೆ ಬಂತು.

1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಸಂಸತ್ತು 42ನೇ ತಿದ್ದುಪಡಿಯನ್ನು ಅಂಗೀಕರಿಸಿತು. ನಾಗರಿಕರ ಸ್ವಾತಂತ್ರ್ಯವನ್ನು ಕುಗ್ಗಿಸಿದ್ದಕ್ಕಾಗಿ ಈ ತಿದ್ದುಪಡಿ ತೀವ್ರ ಟೀಕೆಗೆ ಒಳಗಾಯಿತು. ಅದರ ಹಲವು ಭಾಗಗಳನ್ನು ಮುಂದೆ ತೆಗೆದುಹಾಕಲಾಯಿತು. ಆದರೆ ಅದರೊಂದಿಗೆ ಬಂದ ಎರಡು ವಿಧಿಗಳು ಉಳಿದುಕೊಂಡವು. ಪರಿಸರ, ಅರಣ್ಯ, ವನ್ಯಜೀವಿಗಳನ್ನು ಕಾಯಲು ಸರಕಾರ ಯತ್ನಿಸಬೇಕೆಂದು 48-ಎ ವಿಧಿ ಹೇಳುತ್ತದೆ. ಕಾಡು, ಕೆರೆ, ನದಿಗಳನ್ನು ರಕ್ಷಿಸಿ ಜೀವಿಗಳ ಮೇಲೆ ಕರುಣೆ ತೋರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 51-ಎ(ಜಿ) ವಿಧಿ ಹೇಳುತ್ತದೆ. ಇವೆರಡೂ ಹಕ್ಕುಗಳಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದು ನಿರ್ದೇಶಕ ತತ್ವ, ಎರಡನೆಯದು ಕರ್ತವ್ಯ. ನೇರವಾಗಿ ಇವುಗಳ ಆಧಾರದಲ್ಲಷ್ಟೇ ನ್ಯಾಯಾಲಯದ ಕದ ತಟ್ಟುವುದು ಸುಲಭವಾಗಿರಲಿಲ್ಲ.

ಚರಂಡಿಯಿಂದ ಆರಂಭ

ಈ ಕದ ತೆರೆದುದು ಒಂದು ಚರಂಡಿಯ ದೆಸೆಯಿಂದ. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ನಿವಾಸಿಗಳು ತಮ್ಮ ಬೀದಿಯ ಹೊಲಸು ನೀರಿನ ಬಗ್ಗೆ ದೂರು ಕೊಟ್ಟಾಗ ಪುರಸಭೆ ತನ್ನಲ್ಲಿ ಹಣವಿಲ್ಲವೆಂದಿತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನೆಪವನ್ನು ಒಪ್ಪಲಿಲ್ಲ. ಜನರ ಆರೋಗ್ಯ ಕಾಯುವ ಹೊಣೆಯಿಂದ ಹಣದ ಕೊರತೆ ಹೇಳಿ ಜಾರಿಕೊಳ್ಳುವಂತಿಲ್ಲವೆಂದು ತೀರ್ಪಾಯಿತು. 1983ರಲ್ಲಿ ಡೆಹ್ರಾಡೂನಿನ ಸಂಸ್ಥೆಯೊಂದು ಸುಣ್ಣಕಲ್ಲು ಗಣಿಗಳ ಬಗ್ಗೆ ಬರೆದ ಪತ್ರವನ್ನೇ ನ್ಯಾಯಾಲಯವು ರಿಟ್ ಅರ್ಜಿಯೆಂದು ಪರಿಗಣಿಸಿತು. ಮರುವರ್ಷ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜೀವಗಳನ್ನು ನುಂಗಿತು. ಅದರ ಬೆನ್ನಿಗೆ 1986ರ ಪರಿಸರ ಸಂರಕ್ಷಣಾ ಕಾಯಿದೆ ಬಂತು.

ಸುಭಾಷ್ ಕುಮಾರ್ ಎಂಬವರು ಬೊಕಾರೊ ನದಿಗೆ ಸೇರುತ್ತಿದ್ದ ಕಲ್ಲಿದ್ದಲು ಕೆಸರಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಅವರ ಅರ್ಜಿಯಲ್ಲಿ ಸ್ವಹಿತಾಸಕ್ತಿಯಿದೆಯೆಂದು ನ್ಯಾಯಾಲಯ 1991ರಲ್ಲಿ ಅದನ್ನು ವಜಾ ಮಾಡಿತು. ಆದರೆ ಅದೇ ತೀರ್ಪಿನಲ್ಲಿ, 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಮಾಲಿನ್ಯವಿಲ್ಲದ ನೀರು ಮತ್ತು ಗಾಳಿಯ ಹಕ್ಕೂ ಅಡಕವಾಗಿದೆಯೆಂದು ಹೇಳಲಾಯಿತು. ಅರ್ಜಿದಾರರು ಸೋತರು, ಮಾತು ಗೆದ್ದಿತು. ಅನಂತರದ ಎಷ್ಟೋ ತೀರ್ಪುಗಳು ಈ ಮಾತಿನ ಮೇಲೆ ನಿಂತಿವೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯ ಪೀಠಿಕೆಯಲ್ಲೇ ಈ ಹಕ್ಕಿನ ಪ್ರಸ್ತಾಪವಿದೆ.

ಅದೇ 1991ರ ನವೆಂಬರಿನಲ್ಲಿ, ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ, ಶಾಲಾ-ಕಾಲೇಜುಗಳಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಪರೀಕ್ಷೆಗಾಗಿ ಮಾತ್ರ ಪರಿಸರ ಅಧ್ಯಯನದ ಪುಸ್ತಕ ತೆರೆಯುವ ವಿದ್ಯಾರ್ಥಿ ಮಿತ್ರರೇ, ಆ ಪಾಠದ ಹಿಂದೆ ಒಬ್ಬ ನಾಗರಿಕನ ಅರ್ಜಿಯಿದೆ ಎಂಬುದು ನಿಮ್ಮ ನೆನಪಿನಲ್ಲಿರಲಿ.

ನಮ್ಮ ಘಟ್ಟದ ಮೊಕದ್ದಮೆ

ಇವೆಲ್ಲ ದೂರದ ಊರುಗಳ ಕಥೆಯೆನಿಸಬಹುದು. ಆದರೆ ಸುಬ್ರಹ್ಮಣ್ಯದ ಮೇಲೆ ನಿಂತಿರುವ ಘಟ್ಟಸಾಲಿನಲ್ಲೇ ಉತ್ತರಕ್ಕೆ ಹೋದರೆ ಕುದುರೆಮುಖ ಸಿಗುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ಸೀಮೆಯ ಕಬ್ಬಿಣದ ಅದಿರು ಕೊಳವೆಯಲ್ಲಿ ಹರಿದು ಮಂಗಳೂರಿನ ಪಣಂಬೂರನ್ನು ತಲುಪುತ್ತಿತ್ತು. ಗಣಿಯ 30 ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿದಾಗ ಅದನ್ನು ಮುಂದುವರಿಸುವ ಯತ್ನ ನಡೆಯಿತು. ಕೊಡಗಿನವರಾದ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಅಂತ್ಯದವರೆಗೆ ಮಾತ್ರ ಗಣಿಗಾರಿಕೆಗೆ ಅವಕಾಶ ಕೊಟ್ಟಿತು. 48-ಎ, 51-ಎ(ಜಿ) ಮತ್ತು 21ನೇ ವಿಧಿಗಳ ಮಾತು ಆ ತೀರ್ಪಿನಲ್ಲಿ ಒಟ್ಟಿಗೆ ಬಂತು. ಗಣಿ ನಿಂತಿತು. ಅದನ್ನು ನಂಬಿದ್ದ ಎಷ್ಟೋ ಕುಟುಂಬಗಳ ಕೆಲಸವೂ ಹೋಯಿತು. ಈ ಎರಡನೆಯ ಮಾತನ್ನು ಮುಚ್ಚಿಟ್ಟು ಮೊದಲನೆಯದನ್ನು ಮಾತ್ರ ಕೊಂಡಾಡುವುದು ನ್ಯಾಯವಲ್ಲ.

ಹವಾಮಾನವೂ ಹಕ್ಕಿನೊಳಗೆ

ಇಲ್ಲಿಯವರೆಗಿನ ಮೊಕದ್ದಮೆಗಳು ಒಂದು ಕಾರ್ಖಾನೆ, ಒಂದು ಗಣಿ, ಒಂದು ಚರಂಡಿಗೆ ಸಂಬಂಧಿಸಿದವು. ಹವಾಮಾನ ಬದಲಾವಣೆಯಲ್ಲಿ ತಪ್ಪಿತಸ್ಥ ಎದುರಿಗೆ ಕಾಣುವುದಿಲ್ಲ. 2024ರ ಮಾರ್ಚ್ 21ರಂದು ಎಂ.ಕೆ. ರಂಜಿತ್‌ಸಿನ್ಹ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠವು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು 14 ಮತ್ತು 21ನೇ ವಿಧಿಗಳಲ್ಲಿ ಇದೆಯೆಂದು ಹೇಳಿತು. 14ನೇ ವಿಧಿ ಸಮಾನತೆಯದು. ಬಿಸಿಲು, ಬರ, ನೆರೆ ಎಲ್ಲರ ಮೇಲೂ ಬರುತ್ತವೆ. ಆದರೆ ಗುಡ್ಡದ ಅಂಚಿನ ಹಂಚಿನ ಮನೆಯವನಿಗೂ ಪೇಟೆಯ ತಾರಸಿ ಮನೆಯವನಿಗೂ ಪೆಟ್ಟು ಒಂದೇ ಆಗಿರುವುದಿಲ್ಲ. ಆದುದರಿಂದಲೇ ಸಮಾನತೆಯ ಪ್ರಶ್ನೆ ಇಲ್ಲಿ ಬರುತ್ತದೆ.

ಈ ಪ್ರಕರಣದಲ್ಲೂ ಒಂದು ಸೋಜಿಗವಿದೆ. ಅರ್ಜಿ ಬಂದುದು ರಾಜಸ್ಥಾನ, ಗುಜರಾತಿನ ಎರ್ಲಡ್ಡು ಹಕ್ಕಿಯನ್ನು ವಿದ್ಯುತ್ ತಂತಿಗಳಿಂದ ಉಳಿಸಲು. ಸೌರವಿದ್ಯುತ್ ಬೆಳೆಯಬೇಕಾದ ಅಗತ್ಯವನ್ನು ಒಪ್ಪಿದ ನ್ಯಾಯಾಲಯವು, ತಂತಿಗಳನ್ನು ನೆಲದಡಿಗೆ ಹಾಕಬೇಕೆಂಬ ತನ್ನ 2021ರ ವ್ಯಾಪಕ ಆದೇಶವನ್ನು ಸಡಿಲಿಸಿತು. ಹೊಸ ಹಕ್ಕು ಹುಟ್ಟಿದ ಗಳಿಗೆಯಲ್ಲೇ ಎರಡು ಒಳಿತುಗಳ ನಡುವೆ ತೂಗಿ ನೋಡಬೇಕಾಯಿತು.

ಹೊರ ಜಗತ್ತಿನಲ್ಲಿ ಇದೇ ಮಾತನ್ನು ಎತ್ತಿದವರು ವಿದ್ಯಾರ್ಥಿಗಳು. 2019ರಲ್ಲಿ ಶಾಂತಸಾಗರದ ದ್ವೀಪಗಳ ಕಾನೂನು ವಿದ್ಯಾರ್ಥಿಗಳು, ತಮ್ಮ ನೆಲ ಮುಳುಗುವುದಕ್ಕೆ ರಾಷ್ಟ್ರಗಳು ಕಾನೂನಿನ ಮುಂದೆ ಉತ್ತರಿಸಬೇಕೆಂದು ಅಭಿಯಾನ ಆರಂಭಿಸಿದರು. ವನುವಾಟು ಎಂಬ ಪುಟ್ಟ ದೇಶ ಅದನ್ನು ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈ 23ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವು, ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆಯೆಂದು ತನ್ನ ಅಭಿಪ್ರಾಯ ನೀಡಿತು. ತರಗತಿಯಲ್ಲಿ ಎದ್ದ ಪ್ರಶ್ನೆ ಆರು ವರ್ಷಗಳಲ್ಲಿ ಹೇಗ್ ತಲುಪಿತು.

ಒಂದೇ ವಿಧಿಯ ಎರಡು ಮಕ್ಕಳು

ಈಗ ನಮ್ಮ ಊರಿಗೆ ಮರಳೋಣ. ಪಶ್ಚಿಮಘಟ್ಟದ ಕುರಿತು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯೂ 2013ರಲ್ಲಿ ಕಸ್ತೂರಿರಂಗನ್ ಸಮಿತಿಯೂ ವರದಿ ನೀಡಿದವು. ಕೇಂದ್ರ ಸರಕಾರವು ಹಲವು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ವಯನಾಡಿನ ದುರಂತದ ಮರುದಿನ, 2024ರ ಜುಲೈ 31ರಂದು, ಬಂದುದು ಆರನೆಯದು. ಅದರಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಾಗಿದೆ. ರಾಜ್ಯ ಸಚಿವ ಸಂಪುಟ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ತೋಟ, ಮನೆ, ರಸ್ತೆ ಎಲ್ಲಕ್ಕೂ ತಡೆ ಬರುವುದೆಂಬ ಭಯ ನಮ್ಮ ತಾಲೂಕುಗಳ ಕೃಷಿಕರಲ್ಲಿದೆ. ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 1985ರಲ್ಲಿ ಮುಂಬಯಿಯ ಕಾಲುದಾರಿ ನಿವಾಸಿಗಳ ಪ್ರಕರಣದಲ್ಲಿ ಜೀವನೋಪಾಯದ ಹಕ್ಕನ್ನು ಸುಪ್ರೀಂ ಕೋರ್ಟ್ ಗುರುತಿಸಿದ್ದು ಇದೇ 21ನೇ ವಿಧಿಯಲ್ಲಿ. ತೋಟದ ಹಕ್ಕೂ ಗುಡ್ಡದ ಹಕ್ಕೂ ಒಂದೇ ತಾಯಿಯ ಮಕ್ಕಳು. ಒಂದನ್ನು ಕೊಂದು ಇನ್ನೊಂದನ್ನು ಸಾಕಲಾಗದು. ಗುಡ್ಡ ಜರಿದರೆ ಮೊದಲು ಹೋಗುವುದು ಅದರ ಕೆಳಗಿನ ತೋಟವೇ ಅಲ್ಲವೇ?

ನಾವು ಮಾಡಬಹುದಾದುದು

ಪವಿತ್ರ ಕುರ್‌ಆನ್ ಮನುಷ್ಯನನ್ನು ಭೂಮಿಯ ಖಲೀಫನೆಂದು ಕರೆದಿದೆ, ಒಡೆಯನೆಂದಲ್ಲ. ಸೃಷ್ಟಿಯಲ್ಲಿ ಇಡಲಾದ ಮೀಝಾನ್ ಅಂದರೆ ತಕ್ಕಡಿಯನ್ನು ಮೀರಬಾರದೆಂದು ಸೂರಃ ಅರ್ರಹ್ಮಾನ್ ಎಚ್ಚರಿಸುತ್ತದೆ. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಪ್ರವಾದಿವರ್ಯರು (ಸ) ಕಲಿಸಿದರು. ಸಂವಿಧಾನದ 51-ಎ(ಜಿ) ಕರ್ತವ್ಯ ನಮಗೆ ಹೊರಗಿನಿಂದ ಬಂದ ಹೊರೆಯಲ್ಲ.

ವಿದ್ಯಾಸಂಸ್ಥೆಗಳನ್ನು ಕಟ್ಟಿದ ಸಮುದಾಯ ಇಂದು ಕಾನೂನಿನ ಓದನ್ನೂ ಮನೆಮನೆಗೆ ಮುಟ್ಟಿಸಬೇಕಾಗಿದೆ. ಪರಿಸರ ಅಧಿಸೂಚನೆಯ ಕರಡು ಪ್ರಕಟವಾದರೆ ಆಕ್ಷೇಪ, ಸಲಹೆ ಬರೆಯಲು 60 ದಿನಗಳ ಅವಕಾಶವಿರುತ್ತದೆ. ಕರಡನ್ನು ಓದಿ ತಂದೆತಾಯಿಗೆ, ನೆರೆಹೊರೆಗೆ ಕನ್ನಡದಲ್ಲಿ, ತುಳು-ಬ್ಯಾರಿಯಲ್ಲಿ ವಿವರಿಸುವ ಕೆಲಸ ಒಬ್ಬ ಪದವಿ ವಿದ್ಯಾರ್ಥಿಯಿಂದ ಸಾಧ್ಯ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಂಚಾಯತಿಯಲ್ಲಿ ಅದು ಸಭೆ ಸೇರುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಬರೆ ಕಡಿದು ಕಾಮಗಾರಿ ನಡೆದರೆ ಅದಕ್ಕೆ ಅನುಮತಿ ಕೊಟ್ಟವರಾರೆಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ನೆರೆಯಿಂದ ನೊಂದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ.

ಈ ಚರಿತ್ರೆಯಲ್ಲಿ ನಾವು ಕಂಡವರು ಬೀದಿಯ ನಿವಾಸಿಗಳು, ನಿವೃತ್ತ ನೌಕರರು, ವಿದ್ಯಾರ್ಥಿಗಳು. ಅವರಲ್ಲಿ ಕೆಲವರು ಗೆದ್ದರು, ಕೆಲವರು ಸೋತರು. ಆದರೆ ಅವರು ಕೇಳದೇ ಇದ್ದಿದ್ದರೆ ಇಂದು ನಮ್ಮ ಕೈಯಲ್ಲಿ ಈ ಹಕ್ಕು ಇರುತ್ತಿರಲಿಲ್ಲ. ಮುಂದಿನ ಮಳೆಗಾಲಕ್ಕೆ ಮುನ್ನ ನಮ್ಮ ಊರಿನ ಅಪಾಯದ ಬರೆಗಳ ಕೆಳಗೆ ಯಾರ ಮನೆಗಳಿವೆಯೆಂದು ಪಟ್ಟಿ ಮಾಡಿ ಪಂಚಾಯತಿಗೆ ಕೊಡುವುದರಿಂದ ನಾವು ಆರಂಭಿಸೋಣ. ಆ ಪಟ್ಟಿಯಲ್ಲಿ ಜಾತಿ-ಮತದ ಕಾಲಂ ಬೇಡ. ಅದಕ್ಕೆ ಅಲ್ಲಾಹನು ನಮಗೆ ತೌಫೀಕ್ ನೀಡಲಿ, ಆಮೀನ್.