ಬಾಸೆಲ್‌ನ ಸೆಮಿನರಿ, ಆಗ್ರಾದ ಸಂವಾದ, ಮಕ್ಕಾದ ಮದ್ರಸ

ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಂಡೆಯ ಮೇಲಿರುವ ಬಾಸೆಲ್ ವರ್ತಕರ ಪಟ್ಟಣ. ನೆಪೋಲಿಯನ್ನನ ಯುದ್ಧಗಳ ಕಾಲ ಮುಗಿಯುತ್ತಿದ್ದಂತೆ, 1815ರ ಸಪ್ಟೆಂಬರ್ ತಿಂಗಳಲ್ಲಿ, ಅಲ್ಲಿನ ಕೆಲವು ಪ್ರಾಟೆಸ್ಟಂಟ್ ಭಕ್ತರು ಸೇರಿ ಒಂದು ಸಂಘವನ್ನು ಕಟ್ಟಿದರು. ಮರುವರ್ಷ ಅದೇ ಸಂಘ ಒಂದು ಸೆಮಿನರಿಯನ್ನು ತೆರೆಯಿತು. ಅನ್ಯದೇಶಗಳಿಗೆ ಹೋಗಿ ಕ್ರೈಸ್ತಧರ್ಮವನ್ನು ಬೋಧಿಸುವವರನ್ನು ತಯಾರು ಮಾಡುವುದೇ ಅದರ ಏಕೈಕ ಉದ್ದೇಶವಾಗಿತ್ತು. ಕರ್ನಾಟಕದ ಕರಾವಳಿಯಲ್ಲಿ ಇಂದಿಗೂ ಜನರು ‘ಬಾಸೆಲ್ ಮಿಶನ್’ ಎಂದು ಕರೆಯುವುದು ಈ ಸಂಸ್ಥೆಯನ್ನೇ. ಅದರ ಹಂಚು, ಅದರ ಅಚ್ಚುಕೂಟ, ಅದರ ಶಾಲೆಗಳು ನಮ್ಮಲ್ಲಿ ಅನೇಕರಿಗೆ ಪರಿಚಿತ. ಆ ಎಲ್ಲದರ ಹಿಂದೆ ಒಂದು ಪಾಠಶಾಲೆ ಇತ್ತೆಂಬುದು ಮಾತ್ರ ಅಷ್ಟಾಗಿ ಪರಿಚಿತವಲ್ಲ. ಅದೇ ಪಾಠಶಾಲೆಯ ಒಬ್ಬ ವಿದ್ಯಾರ್ಥಿಯ ಕಾರಣದಿಂದ ಮುಸ್ಲಿಮ್ ಜಗತ್ತಿನ ಪ್ರಸಿದ್ಧ ಗ್ರಂಥವೊಂದು ಹುಟ್ಟಿತೆಂಬುದನ್ನು ನಮ್ಮ ಮನೆಗಳಲ್ಲಿ ತಿಳಿದವರು ಇನ್ನೂ ಕಡಿಮೆ.

ಆ ಸೆಮಿನರಿಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ನೇಕಾರಿಕೆ, ಬಡಗಿಕೆ, ರೊಟ್ಟಿ ಸುಡುವ ಕಸುಬು ಮೊದಲಾದವುಗಳಿಂದ ಬಂದ ಯುವಕರಿಗೆ ಅಲ್ಲಿ ಹಲವು ವರ್ಷಗಳ ಕಾಲ ಬೈಬಲ್, ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸಲಾಗುತ್ತಿತ್ತು. ಮುಸ್ಲಿಮರ ನಡುವೆ ಕೆಲಸಕ್ಕೆ ಹೋಗಬೇಕಾದವರಿಗೆ ಅರಬಿಯನ್ನೂ ಕುರ್‌ಆನನ್ನೂ ಪಾಠ ಹೇಳುತ್ತಿದ್ದರು. ಶಿಸ್ತು ಕಠಿಣವಾಗಿತ್ತು. ಎದ್ದೇಳುವ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಎಲ್ಲಕ್ಕೂ ಕಟ್ಟಳೆ. ಹೊರದೇಶಕ್ಕೆ ಅವಿವಾಹಿತರಾಗಿಯೇ ಹೋಗಬೇಕು. ಕೆಲವು ವರ್ಷ ಸೇವೆ ಮಾಡಿದ ಮೇಲೆ ಮದುವೆಗೆ ಸಮಿತಿಯ ಅಪ್ಪಣೆ ಬೇಡಬೇಕು. ಅಪ್ಪಣೆ ಸಿಕ್ಕಿದರೆ ವಧು ಹಡಗಿನಲ್ಲಿ ಬರುತ್ತಿದ್ದಳು. ಹುಟ್ಟಿದ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಅನೇಕರಿಗೆ ಮತ್ತೆ ತಂದೆತಾಯಿಯ ಮುಖ ಕಾಣಲು ದಶಕವೇ ಬೇಕಾಯಿತು. ಈ ವ್ಯವಸ್ಥೆಯನ್ನು ನಾನು ಮೆಚ್ಚಲಾರೆ. ಮನೆಯನ್ನು ತೊರೆಯುವುದನ್ನೇ ಧರ್ಮಸೇವೆಯೆಂದು ಭಾವಿಸುವುದು ನಮ್ಮ ಪ್ರವಾದಿವರ್ಯರ(ಸ) ಮಾದರಿಯಲ್ಲ.

ಹಣದ ಮೂಲವನ್ನೂ ಗಮನಿಸಬೇಕು. ಬಾಸೆಲ್‌ನ ಸಿರಿವಂತ ರೇಷ್ಮೆ ವ್ಯಾಪಾರಿಗಳು ಕೊಟ್ಟರೆಂಬುದು ನಿಜ. ಆದರೆ 1850ರ ದಶಕದಲ್ಲಿ ಆರಂಭವಾದ ಇನ್ನೊಂದು ಪದ್ಧತಿ ಹೆಚ್ಚು ಬಾಳಿತು. ಹಳ್ಳಿಹಳ್ಳಿಗಳ ಬಡ ಮನೆಗಳಿಂದ ವಾರಕ್ಕೊಂದು ಅರೆ ಬಾಟ್ಸೆನ್, ಅಂದರೆ ಚಿಲ್ಲರೆ ನಾಣ್ಯವೊಂದನ್ನು, ಸಂಗ್ರಹಿಸುವ ಏರ್ಪಾಡು ಅದು. ನಮ್ಮ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕ ಮದ್ರಸದ ಡಬ್ಬಿ ಇರುತ್ತದಲ್ಲ, ಅದನ್ನು ನೆನೆದರೆ ಸಾಕು, ಹೆಚ್ಚಿನ ವಿವರಣೆ ಬೇಡ.

ಬಾಸೆಲ್‌ನವರು ಮೊದಮೊದಲು ತಾವು ತರಬೇತುಗೊಳಿಸಿದವರನ್ನು ಇಂಗ್ಲಿಷ್ ಮತ್ತು ಡಚ್ ಮಿಶನ್‌ಗಳಿಗೆ ಒಪ್ಪಿಸುತ್ತಿದ್ದರು. ಸ್ವಂತ ಕ್ಷೇತ್ರವೆಂದು ಆರಿಸಿಕೊಂಡದ್ದು ರಷ್ಯಾದ ಚಕ್ರವರ್ತಿಯ ಅಧೀನದಲ್ಲಿದ್ದ ಕಾಕಸಸ್ ಪ್ರಾಂತ. ಅಲ್ಲಿನ ಶುಶಾ ಪಟ್ಟಣಕ್ಕೆ 1825ರಲ್ಲಿ ಕಾರ್ಲ್ ಗಾಟ್‌ಲೀಬ್ ಫಾಂಡರ್ ಎಂಬ ಇಪ್ಪತ್ತೆರಡರ ಯುವಕ ಹೋದ. ಬಾಸೆಲ್‌ನಲ್ಲಿ ಕಲಿತ ಅರಬಿಗೆ ಅಲ್ಲಿ ಫಾರ್ಸಿಯನ್ನೂ ತುರ್ಕಿಯನ್ನೂ ಸೇರಿಸಿಕೊಂಡ. ಇಸ್ಲಾಮನ್ನು ಖಂಡಿಸಿ ‘ಮೀಝಾನುಲ್ ಹಖ್’ ಎಂಬ ಗ್ರಂಥವನ್ನು ಬರೆದ. 1835ರಲ್ಲಿ ರಷ್ಯಾದ ಸರಕಾರ ಆ ಮಿಶನನ್ನೇ ಮುಚ್ಚಿಸಿತು; ಅದೇ ವರ್ಷ ಗ್ರಂಥದ ಫಾರ್ಸಿ ಆವೃತ್ತಿ ಹೊರಬಂತು. ಫಾಂಡರ್ ಮುಂದೆ ಭಾರತಕ್ಕೆ ಬಂದು ಇಂಗ್ಲಿಷರ ಚರ್ಚ್ ಮಿಶನರಿ ಸೊಸೈಟಿಯನ್ನು ಸೇರಿ ಆಗ್ರಾದಲ್ಲಿ ನೆಲೆಸಿದ. ಅವನನ್ನು ಅಲ್ಲಿಯೇ ಬಿಟ್ಟು ನಾವು ನಮ್ಮ ಕರಾವಳಿಗೆ ಬರೋಣ.

ಈಸ್ಟ್ ಇಂಡಿಯಾ ಕಂಪನಿಯ ಸನದು 1833ರಲ್ಲಿ ನವೀಕರಣವಾದಾಗ ಇಂಗ್ಲಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿಳಿದು ಮಂಗಳೂರು ತಲುಪಿದರು. 1836ರಲ್ಲಿ ಹೆರ್ಮನ್ ಮ್ಯೋಗ್ಲಿಂಗ್ ಬಂದರು. ಧಾರವಾಡ, ಹುಬ್ಬಳ್ಳಿ, ಗದಗಿನ ಬೆಟಗೇರಿಗಳಲ್ಲಿ ಕೆಲವೇ ವರ್ಷಗಳಲ್ಲಿ ಠಾಣ್ಯಗಳು ಎದ್ದವು. ಕಂಪನಿಯ ಕೆಲವು ಅಧಿಕಾರಿಗಳು ಹಣವನ್ನೂ ಜಾಗವನ್ನೂ ಕೊಟ್ಟರು. ಆಳುವವರ ನೆರಳಿನಲ್ಲಿ ನಿಂತು ಆಳಿಸಿಕೊಳ್ಳುವವರಿಗೆ ಧರ್ಮವನ್ನು ಬೋಧಿಸುವುದರಲ್ಲಿರುವ ಕುಂದು ಇವರ ಕೆಲಸಕ್ಕೆ ಕೊನೆಯವರೆಗೂ ಅಂಟಿಕೊಂಡಿತು.

ಆದರೂ ಇವರು ಮೊದಲು ಮಾಡಿದ್ದು ಕನ್ನಡ ಕಲಿಯುವ ಕೆಲಸ. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಮ್ಯೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯಾಯಿತು. ಅದೇ ಮ್ಯೋಗ್ಲಿಂಗ್ ಮುಂದೆ ದಾಸರ ಪದಗಳನ್ನೂ ಹಳೆಯ ಕಾವ್ಯಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕನ್ನಡದ ಛಂದಸ್ಸಿನಲ್ಲೇ ಬರೆದರು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಶ್ಶಾಸ್ತ್ರವನ್ನೂ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಇಷ್ಟೊಂದು ಭಾಷಾಸೇವೆ ಏಕೆಂಬ ಅಸಮಾಧಾನ ಮಿಶನ್ನಿನೊಳಗೇ ಇತ್ತು. ಕಾಲೇಜಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವಾಗ ನನ್ನಂತಹ ಮದ್ರಸದ ಹುಡುಗನಿಗೂ ಆಸರೆಯಾದದ್ದು ಇದೇ ನಿಘಂಟು.

ಇಲ್ಲಿ ನಮ್ಮ ಸಮುದಾಯದ ಮಾತನ್ನು ಸ್ವಲ್ಪ ಆಡಬೇಕು. ಈ ಮಿಶನರಿಗಳಿಗಿಂತ ಅದೆಷ್ಟೋ ಶತಮಾನಗಳ ಮೊದಲೇ ಕರಾವಳಿಯಲ್ಲಿ ಮುಸ್ಲಿಮರಿದ್ದರು. ಬ್ಯಾರಿಗಳ ಮನೆಮಾತು ಬ್ಯಾರಿ, ಮದ್ರಸದ ಪುಸ್ತಕ ಅರಬಿ-ಮಲಯಾಳಮ್ ಲಿಪಿಯಲ್ಲಿ. ಘಟ್ಟದ ಮೇಲೆ ಹೆಚ್ಚಿನ ಕಡೆ ಉರ್ದು. ಕನ್ನಡ ಅಂಗಡಿಯ ಭಾಷೆಯಾಯಿತು, ಕಚೇರಿಯ ಭಾಷೆಯಾಯಿತು, ದೀನಿನ ಭಾಷೆಯಾಗಲು ಬಹಳ ಕಾಲ ಹಿಡಿಯಿತು. ಪ್ರತಿ ಪ್ರವಾದಿಯೂ ತನ್ನ ಜನರ ಭಾಷೆಯಲ್ಲೇ ಸಂದೇಶ ತಂದರೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಯಹೂದಿಯರ ಬರಹವನ್ನು ಕಲಿಯಲು ಪ್ರವಾದಿ(ಸ)ರು ಝೈದ್ ಬಿನ್ ಸಾಬಿತ್(ರ)ರಿಗೆ ಹೇಳಿದ್ದನ್ನೂ, ಅವರು ಅದನ್ನು ಕೆಲವೇ ದಿನಗಳಲ್ಲಿ ಕಲಿತದ್ದನ್ನೂ ನಾವು ಮಿಂಬರಿನಿಂದ ಕೇಳಿದ್ದೇವೆ. ಜರ್ಮನಿಯಿಂದ ಬಂದವನೊಬ್ಬ ಹಳಗನ್ನಡದ ಓಲೆಗರಿ ಹುಡುಕುತ್ತಿದ್ದ ಕಾಲದಲ್ಲಿ ಇದೇ ನೆಲದ ನಮ್ಮ ವಿದ್ವಾಂಸರು ಕನ್ನಡದಲ್ಲಿ ಬರೆದದ್ದೆಷ್ಟೆಂದು ಕೇಳಿಕೊಂಡರೆ ಉತ್ತರ ಹೇಳುವುದು ಕಷ್ಟ. ಈಗಲೂ ಎಷ್ಟೋ ಕಡೆ ಐದನೆಯ ತರಗತಿಯ ಮಗು ಬೆಳಿಗ್ಗೆ ಮದ್ರಸದಲ್ಲಿ ಒಂದು ಭಾಷೆಯಲ್ಲಿ ಅಕೀದಾ ಕಲಿತು, ಹತ್ತು ಗಂಟೆಗೆ ಶಾಲೆಯಲ್ಲಿ ಇನ್ನೊಂದು ಭಾಷೆಯಲ್ಲಿ ಲೋಕವನ್ನು ಕಲಿಯುತ್ತದೆ. ತನ್ನ ನಂಬಿಕೆಯ ಬಗ್ಗೆ ಪಕ್ಕದ ಬೆಂಚಿನ ಗೆಳೆಯ ಪ್ರಶ್ನೆ ಕೇಳಿದಾಗ ಆ ಮಗುವಿನ ಬಾಯಲ್ಲಿ ಪದ ಇರುವುದಿಲ್ಲ.

ಬಾಸೆಲ್‌ನವರ ಎರಡನೆಯ ಹೆಜ್ಜೆ, ಇಲ್ಲಿಯವರನ್ನೇ ಬೋಧಕರನ್ನಾಗಿ ಮಾಡುವುದು. 1844ರ ಆರಂಭದಲ್ಲಿ ಮಂಗಳೂರಿನ ಮೂವರು ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಕದಡಿಹೋಯಿತು. ಅವರಲ್ಲೊಬ್ಬರಾದ ಆನಂದರಾವ್ ಕೌಂಡಿನ್ಯ 1846ರಲ್ಲಿ ಮ್ಯೋಗ್ಲಿಂಗರ ಜೊತೆ ಬಾಸೆಲ್‌ಗೆ ಹೋಗಿ, ಸೆಮಿನರಿಯಲ್ಲಿ ಓದಿ, 1851ರಲ್ಲಿ ದೀಕ್ಷಿತ ಬೋಧಕರಾಗಿ ಮರಳಿದರು. ಈ ನಡುವೆ, 1847ರಲ್ಲಿ, ಮಂಗಳೂರಿನಲ್ಲೇ ಉಪದೇಶಿಗಳ ತರಬೇತಿ ಆರಂಭವಾಗಿತ್ತು. ಬಲ್ಮಠದಲ್ಲಿ ಈಗಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು ತನ್ನ ಮೂಲವನ್ನು ಆ ವರ್ಷಕ್ಕೆ ಒಯ್ಯುತ್ತದೆ. ಅಲ್ಲಿ ಕಲಿತವರು ಹಳ್ಳಿಗಳಿಗೆ ಹೋಗಿ ಶಾಲೆ ನಡೆಸಿದರು, ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಬೋಧಿಸಿದರು. ಆದರೆ ಸಭೆಯ ಆಡಳಿತದ ಹಗ್ಗ ಬಹುಕಾಲ ಯುರೋಪಿಯನ್ನರ ಕೈಯಲ್ಲೇ ಉಳಿಯಿತು. ಸಮಾನತೆಯನ್ನು ಬೋಧಿಸಿದವರು ಸಮಿತಿಯ ಮೇಜಿನ ಸುತ್ತ ಅದನ್ನು ಪಾಲಿಸಲು ತಡಮಾಡಿದರು.

ಸೇರಿದವರ ಸಂಖ್ಯೆ ನಿರೀಕ್ಷೆಯಷ್ಟಾಗಲಿಲ್ಲ. ದಕ್ಷಿಣ ಕನ್ನಡದಲ್ಲಿ ಹೆಚ್ಚಾಗಿ ಬಂದವರು ಬಿಲ್ಲವರು. ಧರ್ಮ ಬದಲಿಸಿದವನಿಗೆ ಮನೆಯೂ ಇಲ್ಲ, ಗೇಣಿಯ ಹೊಲವೂ ಇಲ್ಲ, ಸೇಂದಿ ಇಳಿಸುವ ಕುಲಕಸುಬನ್ನಂತೂ ಮಿಶನ್ನೇ ಒಪ್ಪುತ್ತಿರಲಿಲ್ಲ. ಬರಿಯ ಪ್ರವಚನದಿಂದ ಸಭೆ ನಿಲ್ಲುವುದಿಲ್ಲವೆಂದು ಆಗ ಅವರಿಗೆ ಅರಿವಾಯಿತು. ನೇಯ್ಗೆ ಬಂತು, ಪುಸ್ತಕ ಕಟ್ಟುವ ಕೆಲಸ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ಜೇಡಿಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆಯನ್ನು ಜೆಪ್ಪುವಿನಲ್ಲಿ ತೆರೆದರು. ‘ಮಂಗಳೂರು ಹಂಚು’ ಎಂಬ ಹೆಸರು ಲೋಕಪ್ರಸಿದ್ಧವಾದದ್ದು ಹೀಗೆ. ಹಂಚು ಸುಟ್ಟದ್ದು ಮತಾಂತರಿತರಿಗೆ ಅನ್ನ ಕೊಡಲು, ಅದು ಹೊದಿಸಿದ್ದು ಎಲ್ಲ ಧರ್ಮದವರ ಮಾಡನ್ನು. ಹೊಸದಾಗಿ ದೀನಿಗೆ ಬಂದವರನ್ನು ಕಲಿಮಾ ಹೇಳಿಸಿದ ಮರುದಿನವೇ ಮರೆತುಬಿಡುವ ಜಮಾಅತ್‌ಗಳು ನಮ್ಮಲ್ಲೂ ಉಂಟಲ್ಲ, ಅವರು ಈ ಒಂದು ಅಧ್ಯಾಯವನ್ನಾದರೂ ಓದಬೇಕು.

ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಲ್ಲಿ ಕಥೆ ಬೇರೆ. 1828ರ ಕೊನೆಯಲ್ಲಿ ಅಲ್ಲಿಗೆ ಹೋದ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ಜ್ವರದಿಂದ ಸತ್ತರು. ಬಳಿಕ ಹೋದವರಲ್ಲಿ ಆಂಡ್ರಿಯಾಸ್ ರೀಸ್ ಮಾತ್ರ ಬದುಕುಳಿದು, 1843ರಲ್ಲಿ ವೆಸ್ಟ್ ಇಂಡೀಸಿನಿಂದ 24 ಮಂದಿ ಕಪ್ಪುವರ್ಣದ ಕ್ರೈಸ್ತರನ್ನು ಕರೆತಂದ ಮೇಲೆ ಅಲ್ಲಿ ಸಭೆ ಬೇರೂರಿತು. ಐದು ವರ್ಷಗಳಲ್ಲಿ ಅಕ್ರೊಪಾಂಗ್ ಎಂಬಲ್ಲಿ ಸೆಮಿನರಿಯೂ ಆಯಿತು. 1914ರ ಮಹಾಯುದ್ಧ ಇವೆಲ್ಲಕ್ಕೂ ಪೆಟ್ಟು ಕೊಟ್ಟಿತು. ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಮಂಗಳೂರಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಬಾಸೆಲ್‌ನ ಮೂಲ ಸೆಮಿನರಿ 1955ರಲ್ಲಿ ಬಾಗಿಲು ಮುಚ್ಚಿತು.

ಇನ್ನು ಆಗ್ರಾಕ್ಕೆ ಹೋಗೋಣ. ಫಾಂಡರನ ಗ್ರಂಥ ಉರ್ದುವಿನಲ್ಲೂ ಹರಡಿ, ಉತ್ತರ ಭಾರತದ ಮುಸ್ಲಿಮರು ಕಳವಳಗೊಂಡಿದ್ದ ಕಾಲವದು. ಕೈರಾನಾ ಊರಿನ ಮೌಲಾನಾ ರಹ್ಮತುಲ್ಲಾ ಅವರು ಪತ್ರ ಬರೆದು ಅವನನ್ನು ಬಹಿರಂಗ ಸಂವಾದಕ್ಕೆ ಆಹ್ವಾನಿಸಿದರು. 1854ರ ಎಪ್ರಿಲ್ 10 ಮತ್ತು 11ರಂದು ಸಭೆ ಸೇರಿತು. ಐದು ವಿಷಯಗಳು ನಿಗದಿಯಾಗಿದ್ದವು; ಚರ್ಚೆಯಾದದ್ದು ಎರಡೇ, ಪೂರ್ವಗ್ರಂಥಗಳ ರದ್ದತಿ ಮತ್ತು ಅವುಗಳಲ್ಲಾದ ಮಾರ್ಪಾಟು. ಮೌಲಾನಾರ ಪಕ್ಕದಲ್ಲಿದ್ದವರು ಡಾಕ್ಟರ್ ಮುಹಮ್ಮದ್ ವಝೀರ್ ಖಾನ್. ಲಂಡನ್ನಿನಿಂದ ಅವರು ಯುರೋಪಿನ ವಿದ್ವಾಂಸರೇ ಬರೆದ ಬೈಬಲ್ ವಿಮರ್ಶೆಯ ಗ್ರಂಥಗಳನ್ನು ತಂದಿದ್ದರು. ಫಾಂಡರ್ ಬಾಸೆಲ್‌ನಲ್ಲಿ ಕಲಿಯದಿದ್ದ ಪಾಠ ಅವು. ಹಸ್ತಪ್ರತಿಗಳಲ್ಲಿ ಪಾಠಭೇದಗಳೂ ನಕಲುಗಾರರ ತಪ್ಪುಗಳೂ ಇವೆಯೆಂದು ಅವನು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಯಿತು, ಮೂಲ ಬೋಧನೆಗೆ ಅದರಿಂದ ಧಕ್ಕೆಯಿಲ್ಲವೆಂದು ವಾದಿಸಿದರೂ. ಮೂರನೆಯ ದಿನ ಸಭೆ ಸೇರಲಿಲ್ಲ. ಎರಡು ದಿನವೂ ಕಲ್ಲು ಬೀಳಲಿಲ್ಲ, ಲಾಠಿ ಏಳಲಿಲ್ಲ; ಮೇಜಿನ ಮೇಲೆ ಇದ್ದದ್ದು ಪುಸ್ತಕಗಳು.

1857ರ ಬಂಡಾಯದ ಬಳಿಕ ಮೌಲಾನಾರ ತಲೆಗೆ ಬೆಲೆ ಕಟ್ಟಲಾಯಿತು, ಆಸ್ತಿ ಹರಾಜಾಯಿತು. ತಲೆಮರೆಸಿಕೊಂಡು ಅವರು ಮಕ್ಕಾ ಸೇರಿದರು. ಇತ್ತ ಫಾಂಡರ್ ಕಾನ್‌ಸ್ಟಾಂಟಿನೋಪಲಿಗೆ ಹೋಗಿದ್ದ. ಸುಲ್ತಾನ್ ಅಬ್ದುಲ್ ಅಝೀಝರು ಆಗ್ರಾದಲ್ಲಿ ನಡೆದದ್ದೇನೆಂದು ತಿಳಿಯಲು ಮೌಲಾನಾರನ್ನು ಕರೆಸಿಕೊಂಡರು. ಸುಲ್ತಾನರ ಕೋರಿಕೆಯಂತೆ ಅವರು ಅರಬಿಯಲ್ಲಿ ಬರೆದ ಗ್ರಂಥವೇ ‘ಇಝ್‌ಹಾರುಲ್ ಹಖ್’.

ಮಕ್ಕಾಕ್ಕೆ ಮರಳಿದ ಮೌಲಾನಾ ಮತ್ತೊಂದು ಸಂವಾದಕ್ಕೆ ಹೊರಡಲಿಲ್ಲ, ಒಂದು ಪಾಠಶಾಲೆಯನ್ನು ಕಟ್ಟಲು ತೊಡಗಿದರು. ಕಲ್ಕತ್ತೆಯಿಂದ ಹಜ್ಜಿಗೆ ಬಂದಿದ್ದ ಸೌಲತುನ್ನಿಸಾ ಬೇಗಮ್ ಎಂಬ ಮಹಿಳೆ ಯಾತ್ರಿಕರಿಗಾಗಿ ಒಂದು ವಸತಿಗೃಹ ಕಟ್ಟಿಸಬೇಕೆಂದಿದ್ದರು. ಅದಕ್ಕಿಂತ ಮದ್ರಸದ ಅಗತ್ಯ ಹೆಚ್ಚೆಂದು ಮೌಲಾನಾ ತಿಳಿಸಿದಾಗ ಆಕೆ ಒಪ್ಪಿದರು. 1870ರ ದಶಕದಲ್ಲಿ ತೆರೆದ ಆ ಮದ್ರಸಕ್ಕೆ ಆಕೆಯ ಹೆಸರೇ ಉಳಿಯಿತು: ಸೌಲತಿಯ್ಯ. ಭಾರತದಿಂದ, ಜಾವಾ-ಸುಮಾತ್ರಗಳಿಂದ ಬಂದ ಎಷ್ಟೋ ವಿದ್ಯಾರ್ಥಿಗಳು ಅಲ್ಲಿ ಓದಿ ತಮ್ಮ ಊರುಗಳಿಗೆ ಮರಳಿ ಮದ್ರಸಗಳನ್ನು ಕಟ್ಟಿದರು. ಮೌಲಾನಾ 1891ರಲ್ಲಿ ನಿಧನರಾಗಿ ಮಕ್ಕಾದ ಮುಅಲ್ಲಾ ಖಬರಸ್ತಾನದಲ್ಲಿ ಮಣ್ಣಾದರು. ಅವರು ಕಟ್ಟಿದ ಶಾಲೆಯೂ ಭಾಷೆಯ ಪ್ರಶ್ನೆಯಿಂದ ಪಾರಾಗಲಿಲ್ಲ. 1934ರಲ್ಲಿ ಮಲಯ ಭಾಷೆಯ ವಿದ್ಯಾರ್ಥಿಗಳು ತಮ್ಮ ನುಡಿಗೆ ಅಲ್ಲಿ ಅವಮಾನವಾಯಿತೆಂದು ನೊಂದು ಸೌಲತಿಯ್ಯವನ್ನು ಬಿಟ್ಟರು. ಅವರಿಗಾಗಿ ಅದೇ ಮಕ್ಕಾದಲ್ಲಿ ದಾರುಲ್ ಉಲೂಮ್ ಎಂಬ ಬೇರೊಂದು ಮದ್ರಸ ಆರಂಭವಾಯಿತು.