ವಿಶ್ವ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಪ್ರತಿವರ್ಷ ನಡೆಸುವ ಸ್ಪರ್ಧೆ. 1896ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶುರುವಾದಾಗ ಕಣದಲ್ಲಿದ್ದವರು ನಾಲ್ವರೇ, ಎಲ್ಲರೂ ಗಂಡಸರು. ಗೆದ್ದವರು ಜರ್ಮನಿಯ ಗಿಲ್ಬರ್ಟ್ ಫುಕ್ಸ್.

ಹೆಂಗಸರು ಸ್ಪರ್ಧಿಸಬಾರದೆಂದು ನಿಯಮ ಎಲ್ಲೂ ಹೇಳಿರಲಿಲ್ಲ. ಅಂಥದ್ದೊಂದು ನಿಯಮ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. 1902ರಲ್ಲಿ ಲಂಡನ್‌ನಲ್ಲಿ ಮ್ಯಾಡ್ಜ್ ಸೈಯರ್ಸ್ ಎಂಬ ಮಹಿಳೆ ಕಣಕ್ಕಿಳಿದು, ಸ್ವೀಡನ್ನಿನ ಉಲ್ರಿಕ್ ಸಾಲ್ಕೋವ್ ಅವರ ನಂತರದ ಸ್ಥಾನ ಗಳಿಸಿಯೇಬಿಟ್ಟರು. ಮರುವರ್ಷವೇ ಒಕ್ಕೂಟ ಮಹಿಳೆಯರನ್ನು ಹೊರಗಿಟ್ಟಿತು. ಉದ್ದನೆಯ ಲಂಗ ಪಾದದ ಚಲನೆಯನ್ನು ಮರೆಮಾಡುತ್ತದೆ ಎಂಬುದು ಅದಕ್ಕೆ ಕೊಟ್ಟ ನೆಪಗಳಲ್ಲೊಂದು! 1906ರಲ್ಲಿ ದಾವೋಸ್‌ನಲ್ಲಿ ಮಹಿಳೆಯರಿಗೆಂದೇ ಸ್ಪರ್ಧೆ ಏರ್ಪಟ್ಟಾಗ ಗೆದ್ದವರೂ ಸೈಯರ್ಸ್ ಅವರೇ. ಜೋಡಿ ವಿಭಾಗ 1908ರಲ್ಲಿ, ಐಸ್ ಡಾನ್ಸ್ 1952ರಲ್ಲಿ ಸೇರಿದವು.

ಸಾಲ್ಕೋವ್ ಹತ್ತು ಬಾರಿ ಗೆದ್ದರು. ನಾರ್ವೆಯ ಸೋನ್ಯಾ ಹೆನಿ 1927ರಿಂದ 1936ರವರೆಗೆ ಸತತ ಹತ್ತು ಬಾರಿ ಗೆದ್ದರು.

ಕ್ರೀಡೆಗೆ ಹೆಸರು ತಂದ 'ಫಿಗರ್' ಇಂದು ಸ್ಪರ್ಧೆಯಲ್ಲಿಲ್ಲ. ಹಿಂದೆ ಸ್ಪರ್ಧಿಗಳು ಮಂಜುಗಡ್ಡೆಯ ಮೇಲೆ ಎಂಟರ ಆಕಾರದ ಗೆರೆ ಕೊರೆದು, ಮತ್ತೆ ಅದೇ ಗೆರೆಯ ಮೇಲೆ ಜಾರಬೇಕಿತ್ತು. ತೀರ್ಪುಗಾರರು ಸೊಂಟ ಬಗ್ಗಿಸಿ ಗೆರೆಗಳನ್ನು ಪರಿಶೀಲಿಸುತ್ತಿದ್ದರು. ಟಿ.ವಿ. ವೀಕ್ಷಕರಿಗೆ ಇದು ಸಪ್ಪೆಯೇ. 1990ರ ನಂತರ ಕೈಬಿಡಲಾಯಿತು.

1961ರಲ್ಲಿ ಪ್ರಾಗ್‌ಗೆ ಹೊರಟಿದ್ದ ಅಮೆರಿಕದ ಇಡೀ ತಂಡ ಬ್ರಸೆಲ್ಸ್ ಬಳಿಯ ವಿಮಾನ ದುರಂತದಲ್ಲಿ ಸಾವಿಗೀಡಾದ್ದರಿಂದ ಆ ವರ್ಷ ಸ್ಪರ್ಧೆ ನಡೆಯಲಿಲ್ಲ. ಭೂಕಂಪದಿಂದಾಗಿ 2011ರ ಸ್ಪರ್ಧೆ ಟೋಕಿಯೊದಿಂದ ಮಾಸ್ಕೋಗೆ ಹೋಯಿತು. ಕೋವಿಡ್‌ನಿಂದ 2020ರಲ್ಲಿ ರದ್ದಾದ ಮಾಂಟ್ರಿಯಲ್‌ನ ಸರದಿ 2024ರಲ್ಲಿ ಬಂತು. ಅಲ್ಲಿ ಅಮೆರಿಕದ ಇಲ್ಯಾ ಮಾಲಿನಿನ್, ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಿಗಿತಗಳನ್ನು ಒಂದೇ ಪ್ರದರ್ಶನದಲ್ಲಿ ಆರು ಬಾರಿ ಮಾಡಿ ಚಾಂಪಿಯನ್ ಆದರು.