ಚಿನ್ನದ ಗಣಿಯೂ ಚೆಂಡಾಟದ ಬಯಲೂ



ರಾಯಚೂರು ಜಿಲ್ಲೆಯ ಬಾಗಲವಾಡದವರಾದ ನನ್ನ ಹಳೆಯ ಪರಿಚಿತರೊಬ್ಬರು ಒಮ್ಮೆ ಮಾತಿನ ನಡುವೆ ನನ್ನನ್ನು ಕೇಳಿದರು: “ಅಲ್ರೀ ಮಾಸ್ತರ್, ಚೆಂಡು ಹೊಡೆಯುವ ಆಟಕ್ಕಾಗಿ ಊರನ್ನೇ ಕಟ್ಟುತ್ತಾರಂತೆ, ಖರೇನ? ನಮ್ಮ ಕಡೆ ನೂರು ಎಕರೆ ಎರೆ ನೆಲ ಅಂದರೆ ಎಷ್ಟು ಮನೆಗಳ ಜೋಳ!” ಅವರ ಪ್ರಶ್ನೆ ಹಾಸ್ಯದ್ದಾದರೂ ಅದರಲ್ಲಿ ಅಡಗಿದ್ದ ಲೆಕ್ಕ ಹಾಸ್ಯದ್ದಲ್ಲ. ಈ ಹೊತ್ತಿನ ಭಾಷಣವು ಅವರಿಗೆ ನಾನು ಕೊಡಬೇಕಾಗಿದ್ದ ಉತ್ತರವೆಂದೇ ತಿಳಿಯಬಹುದು.

ಖರೆಯೇ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1895ರಲ್ಲಿ ಟಫ್ಟ್ಸ್ ಎಂಬ ಶ್ರೀಮಂತನು ಪೈನ್‌ಹರ್ಸ್ಟ್ ಎಂಬ ವಿಶ್ರಾಂತಿಯ ಊರನ್ನು ನಕ್ಷೆ ಬರೆಯಿಸಿ ಕಟ್ಟಿಸಿದನು. ಕೆಲವೇ ವರ್ಷಗಳಲ್ಲಿ ಗಾಲ್ಫ್ ಆಟವು ಆ ಊರಿನ ಪ್ರಾಣವಾಯಿತು. ಇದೇ ಆಟವನ್ನು 1457ರಲ್ಲಿ ಸ್ಕಾಟ್ಲೆಂಡಿನ ದೊರೆಯು, ಜನರು ಬಿಲ್ಲುವಿದ್ಯೆಯನ್ನು ಮರೆಯುತ್ತಾರೆಂದು ನಿಷೇಧಿಸಿದ್ದನು! ನಮ್ಮ ನಾಡಿನಲ್ಲಿ ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಳೆಯದು. ಆದರೆ ಬೆಂಗಳೂರು ಆ ಬಯಲಿಗಾಗಿ ಹುಟ್ಟಿದ ಊರಲ್ಲ. ಕ್ಲಬ್ಬು, ಬಂಗಲೆ, ಚೆಂಡಾಟದ ಬಯಲು, ಅಳೆದು ಹಾಕಿದ ಬೀದಿ ಇವೆಲ್ಲವೂ ಒಂದೇ ಕಾಲದಲ್ಲಿ ಬರಡು ನೆಲದ ಮೇಲೆ ಎದ್ದು ನಿಂತುದನ್ನು ಕಾಣಬೇಕಾದರೆ ಕೋಲಾರದ ಚಿನ್ನದ ಗಣಿಗಳಿಗೇ ಹೋಗಬೇಕು.

ಅಲ್ಲಿ ಊರಿಗೆ ಕಾರಣ ಆಟವಲ್ಲ, ಚಿನ್ನ. 1870ರ ದಶಕದಲ್ಲಿ ಲಾವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಗಣಿಯ ಹಕ್ಕನ್ನು ಪಡೆದನು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆಯು ಕೈಹಾಕಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ಬೆಳೆದುವು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ತಂತಿಯ ಮೂಲಕ ವಿದ್ಯುಚ್ಛಕ್ತಿಯೂ ಬಂದಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ರಾಜ್ಯದ ಕಾವೇರಿಯ ಬಲವು ರಾಜ್ಯದ ದೊಡ್ಡ ಪಟ್ಟಣಕ್ಕಿಂತ ಮೊದಲು ಕಂಪನಿಯ ಗಣಿಗೆ ದುಡಿಯಿತೆಂಬುದನ್ನು ನಾವು ಹೆಮ್ಮೆಯ ಪಾಠವಾಗಿ ಮಾತ್ರ ಓದುತ್ತ ಬಂದಿದ್ದೇವೆ.

ಇಂಗ್ಲಿಷ್ ಮ್ಯಾನೇಜರುಗಳೂ ಕಾರ್ನ್‌ವಾಲಿನ ಗಣಿಪರಿಣತರೂ ಬಂದ ಮೇಲೆ ಅವರ ಊರೂ ಅವರೊಡನೆ ಬಂದಿತು. ಕೆಂಪು ಹಂಚಿನ ಬಂಗಲೆ, ಸುತ್ತ ತೋಟ, ಕ್ಲಬ್ಬು, ಇಗರ್ಜಿ, ಆಸ್ಪತ್ರೆ, ಗಾಲ್ಫಿನ ಬಯಲು. ಇದನ್ನು “ಪುಟ್ಟ ಇಂಗ್ಲೆಂಡ್” ಎಂದು ಕರೆದವರುಂಟು. ಮಳೆ ಕಡಮೆಯಾದ ಸೀಮೆಯಲ್ಲಿ ಹುಲ್ಲನ್ನು ಕಾಪಾಡುವುದು ಸುಲಭವಲ್ಲ. ಆದ್ದರಿಂದ ನಮ್ಮ ದೇಶದ ಒಣನೆಲದ ಬಯಲುಗಳಲ್ಲಿ, ಚೆಂಡನ್ನು ಕುಳಿಗೆ ಉರುಳಿಸುವ ಕೊನೆಯ ತಾಣವನ್ನು ಹುಲ್ಲಿನ ಬದಲು ಎಣ್ಣೆ ಬೆರಸಿದ ಮರಳಿನಿಂದ ಸಮಮಾಡುವ ಪದ್ಧತಿಯಿತ್ತು. ಹಸುರು ಸಿಕ್ಕದ ಕಡೆ ಕಂದುಬಣ್ಣಕ್ಕೇ ಆಟವನ್ನು ಒಗ್ಗಿಸಿಕೊಂಡರು. ಆಟವನ್ನು ಮಾತ್ರ ಬಿಡಲಿಲ್ಲ. ಕುಡಿಯುವ ನೀರಿಗೆ ಬೇತಮಂಗಲದ ಕೆರೆಯೇ ಆಧಾರವಾಯಿತು. ಪಾಲಾರಿನ ಆ ನೀರು ಕೊಳವೆಯಲ್ಲಿ ಗಣಿಯ ಊರಿಗೆ ಏರಿತು. ಮಗ್ಗುಲಲ್ಲೇ ರೆಸಿಡೆಂಟನಾಗಿದ್ದ ರಾಬರ್ಟ್‌ಸನ್ನನ ಹೆಸರಿನಲ್ಲಿ ಅಡ್ಡಬೀದಿ ಉದ್ದಬೀದಿಗಳನ್ನು ಅಳೆದು ಪೇಟೆಯೊಂದನ್ನು ಕಟ್ಟಿದರು. ಇಂದಿಗೂ ಆ ರಾಬರ್ಟ್‌ಸನ್ ಪೇಟೆಯಲ್ಲಿ ನಡೆದಾಡುವವನಿಗೆ ಅದು ನಕ್ಷೆಯಿಂದ ಇಳಿದ ಊರೆಂಬುದು ತಿಳಿಯುತ್ತದೆ.

ಆದರೆ ಆ ನಕ್ಷೆಗೆ ಒಂದು ಅಂಚಿತ್ತು. ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಸೀಮೆಗಳಿಂದ ಬಂದ ಕೂಲಿಗಾರರು, ಅವರಲ್ಲಿ ಬಹುಮಂದಿ ಅಸ್ಪೃಶ್ಯರೆಂದು ಊರಹೊರಗೆ ಇಡಲ್ಪಟ್ಟಿದ್ದವರು, ಬಿದಿರು ತಟ್ಟಿಯ ಗುಡಿಸಲುಗಳ ಸಾಲುಗಳಲ್ಲಿ ಇದ್ದರು. ಆ ಸಾಲಿಗೆ ಗಣಿಯ ಭಾಷೆಯಲ್ಲಿ “ಲೈನು” ಎಂದು ಹೆಸರು. ಬಂಗಲೆಗೆ ತೋಟವುಂಟು, ಲೈನಿಗೆ ಎಣಿಕೆಯುಂಟು. ಚಾಂಪಿಯನ್ ರೀಫಿನ ಆಳವು ಕೊನೆಗೆ ಮೂರು ಕಿಲೋಮೀಟರನ್ನು ದಾಟಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿತ್ತು, ಬಂಡೆಯೇ ಸಿಡಿದು ಆಳುಗಳು ಸಾಯುತ್ತಿದ್ದರು. ಮೇಲೆ ಬಂದವನಿಗೆ ಚಿನ್ನ ಕದ್ದನೇ ಎಂಬ ಶೋಧನೆ ಕಾದಿರುತ್ತಿತ್ತು. 1930ರಲ್ಲಿ ಆಳುಗಳ ಬೆರಳಚ್ಚನ್ನು ತೆಗೆದುಕೊಳ್ಳಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಆಗ ಯಾವ ಸಂಘವೂ ಬಲವಾಗಿ ಬೇರೂರಿರಲಿಲ್ಲ. ಕೂಲಿಗಿಂತ ಮೊದಲು ಮಾನಕ್ಕಾಗಿ ನಡೆದ ಈ ಮುಷ್ಕರಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಇನ್ನೂ ಹೆಚ್ಚಿನ ಸ್ಥಳ ಸಲ್ಲಬೇಕೆಂದು ನನ್ನ ಎಣಿಕೆ.

ಕಂಪನಿಯನ್ನು ಬರಿಯ ದುಷ್ಟನೆಂದು ಚಿತ್ರಿಸಿದರೂ ಸರಿಯಾಗದು. ಆಸ್ಪತ್ರೆಯೂ ಶಾಲೆಗಳೂ ಅಲ್ಲಿ ಇದ್ದುವು. ತಟ್ಟಿಯ ಮನೆಗಳು ಕ್ರಮೇಣ ಗಟ್ಟಿಯಾದುವು. ಆದರೂ ಒಂದೇ ನೆಲದಲ್ಲಿ ಒಬ್ಬನ ವಿರಾಮಕ್ಕೆ ಹಲವು ಎಕರೆ, ಮತ್ತೊಬ್ಬನ ಸಂಸಾರಕ್ಕೆ ಒಂದು ಕೋಣೆ ಎಂಬ ಹಂಚಿಕೆಯನ್ನು ಮಾಡಿದವರು ಯಾರು? ಪ್ರಕೃತಿಯಲ್ಲ, ಮೇಜಿನ ಮೇಲೆ ಅಳತೆಪಟ್ಟಿಯಿಟ್ಟು ಗೆರೆಯೆಳೆದವರು.

ಬಾಗಲವಾಡದವರಿಗೆ ಈ ಕಥೆ ದೂರದ್ದೇನೂ ಅಲ್ಲ. ಅವರ ಜಿಲ್ಲೆಯಲ್ಲಿಯೇ, ಲಿಂಗಸುಗೂರಿನ ಕಡೆ, ಹಟ್ಟಿಯ ಗಣಿಯಿದೆ. ಉಳಿಯೂ ಬೆಂಕಿಯೂ ಮಾತ್ರ ಇದ್ದ ಕಾಲದಲ್ಲಿಯೇ ನಮ್ಮ ಪೂರ್ವಿಕರು ಅಲ್ಲಿ 600 ಅಡಿಗಳಿಗೂ ಹೆಚ್ಚು ಆಳ ತೋಡಿದ್ದರು. ನಿಜಾಮರ ಆಳ್ವಿಕೆಯಲ್ಲಿ ಅದು ಮತ್ತೆ ತೆರೆದು, 1920ರಲ್ಲಿ ಮುಚ್ಚಿತು. ಅನಂತರ 1947ರಲ್ಲಿ ಹೈದರಾಬಾದಿನ ಕಂಪನಿಯಿಂದ ಪುನಃ ಆರಂಭವಾಗಿ, ಇಂದಿಗೂ ಚಿನ್ನ ಕೊಡುತ್ತಿದೆ.

ಕೋಲಾರದ ಗಣಿಗಳು ಹಾಗಲ್ಲ. 1956ರಲ್ಲಿ ಸರ್ಕಾರದ ಸೊತ್ತಾದ ಅವು, 800 ಟನ್ನಿನಷ್ಟು ಚಿನ್ನವನ್ನು ಕೊಟ್ಟು, 2001ರ ಫೆಬ್ರವರಿ 28ರಂದು ನಿಂತುಹೋದುವು. ಉಳಿದಿರುವುದು ಸಯನೈಡಿನ ಬೂದುಗುಡ್ಡಗಳು, ಮೂರು ಕೋಟಿ ಟನ್ನುಗಳನ್ನು ಮೀರಿದ ಮಣ್ಣು. ಬೇಸಗೆಯ ಗಾಳಿ ಎದ್ದರೆ ಅದರ ಧೂಳು ಊರ ಮೇಲೆ ಬರುತ್ತದೆ. ಲೈನುಗಳಲ್ಲಿ ಉಳಿದ ಸಂಸಾರಗಳು ಆ ಮನೆಗಳನ್ನು ತಮ್ಮ ಹೆಸರಿಗೆ ಮಾಡಿಕೊಡಬೇಕೆಂದು ಕೇಳುತ್ತ ಬಂದಿವೆ. ಅವರ ಮಕ್ಕಳು ಇನ್ನೂ ಬೆಳಕು ಹರಿಯುವ ಮುನ್ನ ಮಾರಿಕುಪ್ಪದಲ್ಲಿ ರೈಲು ಹತ್ತಿ, ಬೆಂಗಳೂರಿನ ಕೆಲಸಕ್ಕೆ ಹೋಗಿ, ರಾತ್ರಿ ಹಿಂತಿರುಗುತ್ತಾರೆ. ಹಳಿ ಮಾತ್ರ 1894ರದೇ.